ಸಪ್ಲಿಮೆಂಟ್ ಡಬ್ಬಿ ಮನಸ್ಸಿಗೆ ಏನು ಮಾಡುತ್ತದೆ: ಬೆಂಗಳೂರಿನ ಅಂಗಡಿ, ಆಪ್‌ಗಳ ವಿಮರ್ಶೆ

ಸಪ್ಲಿಮೆಂಟ್ ವಿಮರ್ಶೆಗಳು ಸಾಮಾನ್ಯವಾಗಿ ರುಚಿ, ಬೆಲೆ, ಪುಡಿ ಎಷ್ಟು ಬೇಗ ಕರಗಿತು ಎಂಬಲ್ಲಿಗೆ ನಿಂತುಬಿಡುತ್ತವೆ. ಅದೇ ಡಬ್ಬಿ ನಿದ್ದೆಗೆ, ಸಿಟ್ಟಿಗೆ, ಆತಂಕಕ್ಕೆ, ಕಾರಣ ಗೊತ್ತಾಗದ ಮಂಕಿಗೆ ಏನು ಮಾಡುತ್ತದೆ ಎಂದು ನೋಡುವವರು ಕಡಿಮೆ. ಇಲ್ಲಿ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬೆಂಗಳೂರಿನಲ್ಲಿ ಈ ಸರಕು ಸಿಗುವ ಜಾಗಗಳನ್ನು ನೋಡಿದ್ದೇವೆ: ರಸ್ತೆ ಮೂಲೆಯ ಮೆಡಿಕಲ್ ಶಾಪ್, ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಬರುವ ಡೆಲಿವರಿ ಆಪ್, ಜಿಮ್ಮಿನ ಪಕ್ಕದ ಪ್ರೋಟೀನ್ ಅಂಗಡಿ, ಪೇಟೆ ಕಡೆಯ ಗ್ರಂಧಿಗೆ ಅಂಗಡಿ, ಮತ್ತು ತಿಂಗಳ ಚಂದಾಕ್ಕೆ ಬರುವ ಕೂದಲಿನ ಕಿಟ್.

ಡಬ್ಬಿ ಮನಸ್ಸನ್ನು ಕೆಡಿಸುವುದು ಹೆಚ್ಚಾಗಿ ನಾಲ್ಕು ದಾರಿಯಲ್ಲಿ. ನಿದ್ದೆ ಕದಿಯುತ್ತದೆ, ಥೈರಾಯ್ಡನ್ನು ಏರುಪೇರು ಮಾಡುತ್ತದೆ, ಈಗಾಗಲೇ ನುಂಗುತ್ತಿರುವ ಮಾತ್ರೆಯ ಜೊತೆ ಸೇರಿ ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್, ಡೋಪಮೈನ್ ಎಂಬ ರಾಸಾಯನಿಕಗಳನ್ನು ಅಲುಗಾಡಿಸುತ್ತದೆ, ಇಲ್ಲವೇ ಲೇಬಲ್ಲಿನಲ್ಲಿ ಬರೆಯದ ಔಷಧ ಒಳಗೇ ಇರುತ್ತದೆ. ಕೊಳ್ಳುವ ಮುಂಚೆ ಯಾವ ದಾರಿ ಎಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಬ್ರಾಂಡು ಯಾವುದು ಎನ್ನುವುದು ಆಮೇಲಿನ ಮಾತು, ಮಿಲಿಗ್ರಾಂ ಎಷ್ಟು ಎನ್ನುವುದು ಮೊದಲಿನ ಮಾತು.

ಮೆಡಿಕಲ್ ಶಾಪ್

ಬೆಲೆಗೂ ನಂಬಿಕೆಗೂ ನಮ್ಮ ಮೊದಲ ಆಯ್ಕೆ ಇದೇ, ಜನೌಷಧಿ ಕೇಂದ್ರಗಳೂ ಸೇರಿ. ಹಳೇ ಬಿ ಕಾಂಪ್ಲೆಕ್ಸ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿ6, ಅಂದರೆ ಪಿರಿಡಾಕ್ಸಿನ್, 3 ಮಿ.ಗ್ರಾಂ ಇರುತ್ತದೆ. ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಬಿ6 ಒಂದನ್ನೇ 40 ಅಥವಾ 100 ಮಿ.ಗ್ರಾಂ ತುಂಬಿದ ಮಾತ್ರೆಗಳಲ್ಲಿ, ಮತ್ತು ಎರಡು ಮೂರು ಡಬ್ಬಿಗಳಿಂದ ಅದು ಒಟ್ಟಾಗಿ ಸೇರುವುದರಲ್ಲಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನದ ಮೇಲ್ಮಿತಿಯನ್ನು 12 ಮಿ.ಗ್ರಾಂಗೆ ಇಳಿಸಿತು, ಅಮೆರಿಕದ ಲೆಕ್ಕ ಇನ್ನೂ 100 ಮಿ.ಗ್ರಾಂನಲ್ಲಿದೆ. ತಿಂಗಳುಗಟ್ಟಲೆ ಹೆಚ್ಚು ತಗೊಂಡರೆ ಕೈಕಾಲು ಜುಮುಗುಡುತ್ತದೆ, ಮರಗಟ್ಟುತ್ತದೆ, ರಾತ್ರಿ ನಿದ್ದೆ ಹಾಳಾಗುತ್ತದೆ. ಆಗ ನರದ ದೌರ್ಬಲ್ಯ ಇರಬೇಕೆಂದು ಇನ್ನೊಂದು ನರದ ಮಾತ್ರೆ ಸೇರಿಸಿದರೆ ಕಾಯಿಲೆಗೇ ಮೇವು ಹಾಕಿದಂತೆ. ಮನೆಯಲ್ಲಿರುವ ಎಲ್ಲ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಬಿ6 ಸಾಲನ್ನು ಕೂಡಿಸಿ ನೋಡುವುದು ಎರಡು ನಿಮಿಷದ ಕೆಲಸ.

ಬಿ12 ವಿಷಯ ಇದಕ್ಕೆ ತಿರುಗುಮುರುಗು. ಇಲ್ಲಿ ಮನಸ್ಸನ್ನು ಕೆಡಿಸುವುದು ಮಾತ್ರೆಯಲ್ಲ, ಕೊರತೆ. ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ತಗೊಳ್ಳುವವರು, ಈ ಮೂರೂ ಗುಂಪಿನಲ್ಲಿ ಬಿ12 ಇಳಿಯುತ್ತದೆ. ಮರೆವು, ಕಿರಿಕಿರಿ, ಮಂಕು ಅದರ ಲಕ್ಷಣಗಳೇ. ಒಂದು ಎಚ್ಚರಿಕೆ ಮಾತ್ರ: ಬಿ12 ಪರೀಕ್ಷೆ ಮಾಡಿಸದೆ ಬರೀ ಫೋಲಿಕ್ ಆಸಿಡ್ ನುಂಗುತ್ತಾ ಹೋದರೆ ರಕ್ತದ ವರದಿ ಸರಿಹೋದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಈ ಕೌಂಟರಿನಲ್ಲಿ ನಿಜವಾಗಿ ಹೆದರಬೇಕಾದ್ದು ವಿಟಮಿನ್ ಡಿ. 60,000 ಐಯು ಕ್ಯಾಪ್ಸೂಲು ಅಥವಾ ಸ್ಯಾಶೆ ವಾರಕ್ಕೆ ಒಂದು, ಸಾಮಾನ್ಯವಾಗಿ ಎಂಟು ವಾರ, ಆಮೇಲೆ ವೈದ್ಯರು ಹೇಳಿದಂತೆ ಕಡಿಮೆ. ಚೀಟಿ ಕಳೆದುಹೋಗಿ, ಉಳಿದ ಮಾತ್ರೆಗಳ ಜೊತೆ ಅದೂ ದಿನಾ ಒಂದರಂತೆ ಒಳಗೆ ಹೋಗುವುದೇ ಅನಾಹುತದ ಮೂಲ. ವೈದ್ಯರ ನಿಗಾ ಇಲ್ಲದೆ ವಯಸ್ಕರು ದಿನವೂ ತಗೊಳ್ಳಬಹುದಾದ ಮೇಲ್ಮಿತಿ 4,000 ಐಯು; ದಿನಕ್ಕೊಂದು ಸ್ಯಾಶೆ ಎಂದರೆ ಅದರ ಹದಿನೈದು ಪಟ್ಟು. ವಿಟಮಿನ್ ಡಿ ದೇಹದ ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ನೀರಿನಲ್ಲಿ ಕರಗುವ ವಿಟಮಿನ್‌ಗಳಷ್ಟು ಸುಲಭವಾಗಿ ಮೂತ್ರದಲ್ಲಿ ಹರಿದು ಹೋಗುವುದಿಲ್ಲ. ರಕ್ತದ ಕ್ಯಾಲ್ಸಿಯಂ ಏರಿದಾಗ ಮೊದಲು ಬರುವುದು ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಊಟ ಸೇರದಿರುವುದು. ಅದರ ಬೆನ್ನಿಗೇ ಸುಸ್ತು, ಮಂಕು, ಗೊಂದಲ. ವಯಸ್ಸಾದವರಲ್ಲಿ ಇದನ್ನು ಮರೆವಿನ ಕಾಯಿಲೆ ಎಂದೋ, ಮಗ ಬೇರೆ ಊರಿಗೆ ಹೋದ ಕೊರಗು ಎಂದೋ ತಪ್ಪಾಗಿ ಓದುವುದು ಸುಲಭ. ಡಿ ಮಟ್ಟದ ಜೊತೆ ಸೀರಮ್ ಕ್ಯಾಲ್ಸಿಯಂ ಕೂಡ ಪರೀಕ್ಷೆ ಮಾಡಿಸಿ. ಒಂದನ್ನೇ ನೋಡಿದರೆ ಅರ್ಧ ಚಿತ್ರ. ಸ್ಯಾಶೆ ತಗೊಳ್ಳುವ ವಾರದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಉಳಿದ ಮಾತ್ರೆಗಳ ಡಬ್ಬದಿಂದ ಅದನ್ನು ದೂರ ಇಡಿ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ತಾವಾಗಿ ಮನಸ್ಸಿಗೆ ಏನೂ ಮಾಡುವುದಿಲ್ಲ, ಆದರೆ ಥೈರಾಯ್ಡ್ ಕೊರತೆಗೆ ಥೈರಾಕ್ಸಿನ್ ನುಂಗುವವರ ಮನೆಯಲ್ಲಿ ಇವು ಹಿಂಬಾಗಿಲಿನಿಂದ ಬರುತ್ತವೆ. ಬೆಳಗ್ಗೆ ಥೈರಾಯ್ಡ್ ಮಾತ್ರೆ, ಹತ್ತು ನಿಮಿಷಕ್ಕೆ ಫಿಲ್ಟರ್ ಕಾಫಿ, ತಿಂಡಿಯ ಜೊತೆ ಮಲ್ಟಿವಿಟಮಿನ್ ಅಥವಾ ಕ್ಯಾಲ್ಸಿಯಂ. ಈ ಕ್ರಮದಲ್ಲಿ ಥೈರಾಕ್ಸಿನ್ ಸರಿಯಾಗಿ ಹೀರಿಕೆಯಾಗುವುದೇ ಇಲ್ಲ. ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಅಂಕಿ ಏರುತ್ತದೆ, ಮೈಭಾರ, ಅಳು, ನಿರಾಸಕ್ತಿ ಮರಳುತ್ತದೆ, ಡೋಸ್ ಹೆಚ್ಚಿಸಲಾಗುತ್ತದೆ. ಬೇಕಾದ್ದು ಇಷ್ಟೇ: ಮಾತ್ರೆ ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ, ಕಾಫಿ ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ಕಬ್ಬಿಣ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಲ್ಸಿಯಂ ಸರಿಸಿದರೆ ಲೆಕ್ಕ ಸರಿಹೋಗುತ್ತದೆ.

ಹತ್ತು ನಿಮಿಷದ ಆಪ್

ಇಲ್ಲಿ ಅನುಕೂಲಕ್ಕೆ ಪೂರ್ತಿ ಅಂಕ, ಸಲಹೆಗೆ ಸೊನ್ನೆ. ಮೆಡಿಕಲ್ ಶಾಪಿನಲ್ಲಿ ಒಬ್ಬ ಫಾರ್ಮಸಿಸ್ಟ್ ಇರುತ್ತಾರೆ, ಕೇಳಿದರೆ ಉತ್ತರಿಸುತ್ತಾರೆ. ಆಪ್‌ನಲ್ಲಿ ಹಾಲು, ಕೊತ್ತಂಬರಿ ಸೊಪ್ಪಿನ ನಡುವೆ ಅಶ್ವಗಂಧ ಗಮ್ಮಿ, ಮೆಲಟೋನಿನ್ ಸ್ಟ್ರಿಪ್ ಬರುತ್ತವೆ. ಬೇರೆ ಏನು ಮಾತ್ರೆ ತಗೊಳ್ಳುತ್ತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಇಂಥ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ದೇಶದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಮತ್ತು ಔಷಧವಾಗಿ ಬಳಸಲು ಅಲ್ಲ ಎಂಬ ಸಾಲು. ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ಆಹಾರ, ಮದ್ದಲ್ಲ. ಆಹಾರದ ಪರವಾನಗಿ ಇಟ್ಟುಕೊಂಡು ಖಿನ್ನತೆ ಗುಣಪಡಿಸುತ್ತೇವೆ ಎಂದು ಬರೆದುಕೊಳ್ಳಲು ಯಾರಿಗೂ ಅನುಮತಿಯಿಲ್ಲ. ಹಾಗೆ ಬರೆದ ಡಬ್ಬಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಅಶ್ವಗಂಧದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಈಗ ಒತ್ತಡ ಎಂದ ತಕ್ಷಣ ಎಲ್ಲರ ಕೈ ಹೋಗುವುದು ಇದಕ್ಕೇ. ಒತ್ತಡ, ನಿದ್ದೆಯ ಮೇಲೆ ನಡೆದ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿದ್ದು ಬೇರಿನ ಸಾರ, ದಿನಕ್ಕೆ 300ರಿಂದ 600 ಮಿ.ಗ್ರಾಂ, ಅವಧಿ ಎಂಟರಿಂದ ಹನ್ನೆರಡು ವಾರ. ಸಾರದಲ್ಲಿ ಅಶ್ವಗಂಧದ ಮುಖ್ಯ ಅಂಶವಾದ ವಿಥಾನೊಲೈಡ್ ಶೇ 5 ಇದ್ದರೆ 600 ಮಿ.ಗ್ರಾಂನಲ್ಲಿ 30 ಮಿ.ಗ್ರಾಂ. ಲೇಬಲ್ಲಿನಲ್ಲಿ ಈ ಶೇಕಡಾ ಇಲ್ಲದಿದ್ದರೆ ಎಷ್ಟು ತಗೊಳ್ಳುತ್ತಿದ್ದೀರಿ ಎಂದು ಹೇಳಲು ಸಾಧ್ಯವೇ ಇಲ್ಲ. ಬೇರು ಎಂದು ಸ್ಪಷ್ಟವಾಗಿ ಬರೆದಿರಬೇಕು. ಎಲೆ ಬೆರೆಸಿದ ಸಾರ ಅಗ್ಗ, ಅದರ ಗುಣವೂ ಬೇರೆ.

ಸಾಮಾನ್ಯ ತೊಂದರೆ ಹೊಟ್ಟೆ ಕೆಡುವುದು, ತೂಕಡಿಕೆ. ಕೆಲವರು ಕೆಲವು ವಾರಗಳ ನಂತರ ಇನ್ನೊಂದನ್ನು ಹೇಳುತ್ತಾರೆ: ಆತಂಕದ ಜೊತೆ ಸಂತೋಷವೂ ತಟ್ಟದೆ ಹೋಗುವುದು, ಮಗು ನಕ್ಕರೂ ಹಬ್ಬ ಬಂದರೂ ಒಳಗೆ ಏನೂ ಏಳದಿರುವುದು. ಇದು ಬಳಕೆದಾರರ ಮಾತು, ಅಧ್ಯಯನಗಳು ಇದನ್ನು ಸರಿಯಾಗಿ ಅಳೆದಿಲ್ಲ. ಆದರೂ ಹಾಗನ್ನಿಸಿದರೆ ನಿಲ್ಲಿಸಿ ನೋಡಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಥೈರಾಯ್ಡಿನ ಮೇಲಿನ ಪರಿಣಾಮಕ್ಕೆ ಮಾತ್ರ ಗಟ್ಟಿ ಆಧಾರವಿದೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಎದೆ ಡವಡವ, ಕೈನಡುಕ, ಬೆವರು, ನಿದ್ರಾಹೀನತೆಯೊಂದಿಗೆ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆತಂಕಕ್ಕೆಂದು ಶುರು ಮಾಡಿದ್ದು ಆತಂಕವನ್ನೇ ಹುಟ್ಟಿಸುವ ಬಗೆ ಇದು. ಯಕೃತ್ತಿಗೆ ಪೆಟ್ಟು ಬೀಳುವುದು ಅಪರೂಪ, ಆದರೆ ಬಿದ್ದರೆ ಸಾಮಾನ್ಯವಾಗಿ ಶುರುಮಾಡಿದ ಎರಡರಿಂದ ಹನ್ನೆರಡು ವಾರದೊಳಗೆ: ಮೈ ತುರಿಕೆ, ಕಡು ಬಣ್ಣದ ಮೂತ್ರ, ಕಣ್ಣು ಹಳದಿ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಅಷ್ಟು ದೂರ ಹೋಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಥೈರಾಯ್ಡ್ ಅಥವಾ ಲಿವರ್ ತೊಂದರೆ ಇರುವವರು, ಗರ್ಭಿಣಿಯರು, ನಿದ್ದೆ ಮಾತ್ರೆ ನುಂಗುವವರು ಇದನ್ನು ಕೊಳ್ಳಬಾರದು. ಉಳಿದವರು ಎಂಟು ವಾರಕ್ಕೆ ನಿಲ್ಲಿಸಿ, ಅಗತ್ಯವಿದೆಯೇ ಎಂದು ನೋಡಬೇಕು.

ಮೆಲಟೋನಿನ್ ಬಗ್ಗೆ ಇರುವ ತಪ್ಪು ತಿಳಿವಳಿಕೆಯೇ ಅದರ ಮುಖ್ಯ ದೋಷ. ಇದು ನಿದ್ದೆ ಬರಿಸುವ ಮಾತ್ರೆಗಿಂತ ಹೆಚ್ಚಾಗಿ ದೇಹದ ಗಡಿಯಾರವನ್ನು ಸರಿಸುವ ಸಂಕೇತ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಸಮಯಕ್ಕೆ ದುಡಿದು ಬೆಳಗಿನ ಜಾವ ಮನೆಗೆ ಬರುವವರಿಗೆ ಡೋಸ್‌ಗಿಂತ ಹೊತ್ತು ಮುಖ್ಯ: ಮಲಗಬೇಕಾದ ಸಮಯಕ್ಕೆ ಒಂದೆರಡು ಗಂಟೆ ಮುಂಚೆ, 0.5ರಿಂದ 3 ಮಿ.ಗ್ರಾಂ, ಕಿಟಕಿಗೆ ದಪ್ಪ ಪರದೆ. 10 ಮಿ.ಗ್ರಾಂ ನುಂಗಿದರೆ ನಿದ್ದೆ ಮೂರು ಪಟ್ಟು ಆಗುವುದಿಲ್ಲ. ಎದ್ದ ಮೇಲೂ ತಲೆ ಭಾರ, ಕೆಟ್ಟ ಕನಸು, ದಿನವಿಡೀ ಕುಗ್ಗಿದ ಮನಸ್ಸು ಉಳಿಯುತ್ತದೆ. ಗಮ್ಮಿ ರೂಪವನ್ನು ನಾವು ಶಿಫಾರಸು ಮಾಡುವುದಿಲ್ಲ. ಅಮೆರಿಕದಲ್ಲಿ 25 ಗಮ್ಮಿ ಉತ್ಪನ್ನಗಳನ್ನು ಪರೀಕ್ಷಿಸಿದ 2023ರ ಅಧ್ಯಯನದಲ್ಲಿ 22ರ ಲೇಬಲ್ ತಪ್ಪಿತ್ತು. ಮೆಲಟೋನಿನ್ ಇದ್ದವುಗಳಲ್ಲಿ ನಮೂದಿಸಿದ ಪ್ರಮಾಣದ ಶೇ 74ರಿಂದ ಶೇ 347ರವರೆಗೆ ಸಿಕ್ಕಿತು. ಒಸಿಡಿ ಎಂಬ ಗೀಳು ಕಾಯಿಲೆಗೆ ಫ್ಲುವಾಕ್ಸಮಿನ್ ತಗೊಳ್ಳುವವರಲ್ಲಿ ಮೆಲಟೋನಿನ್ ಮಟ್ಟ ಹಲವು ಪಟ್ಟು ಏರುತ್ತದೆ. ಅವರಿಗೆ ಇದು ಬೇಡವೇ ಬೇಡ.

ಮೂಡ್ ಹೆಸರಿನಲ್ಲಿ ಮಾರುವ, ದೇಹದಲ್ಲಿ ಸೆರೊಟೋನಿನ್ ಆಗಿ ಬದಲಾಗುವ 5-ಎಚ್‌ಟಿಪಿ ಮತ್ತು ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇಡೀ ಪಟ್ಟಿಯಲ್ಲಿ ನಮ್ಮನ್ನು ಹೆಚ್ಚು ಕಾಡುವ ಎರಡು ಹೆಸರು. ಖಿನ್ನತೆ, ಆತಂಕಕ್ಕೆ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಯಾಕ್ಸೆಟಿನ್ ತಗೊಳ್ಳುವವರು ಇವುಗಳನ್ನು ಸೇರಿಸಿದರೆ ಸೆರೊಟೋನಿನ್ ಅತಿಯಾಗಬಹುದು. ನೋವಿಗೆ ಕೊಡುವ ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೋಮೆಥೋರ್ಫಾನ್ ಕೂಡ ಇದೇ ಗುಂಪಿಗೆ ಸೇರುತ್ತವೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಲಕ್ಷಣಗಳು ಸಾಮಾನ್ಯವಾಗಿ ಗಂಟೆಗಳೊಳಗೆ, ಹೆಚ್ಚೆಂದರೆ ಒಂದು ದಿನದಲ್ಲಿ ಕಾಣುತ್ತವೆ: ಚಡಪಡಿಕೆ, ಬೆವರು, ಭೇದಿ, ನಡುಕ, ಕಾಲಿನ ಸ್ನಾಯು ತಾನಾಗಿ ಎಗರುವುದು, ಜ್ವರ. ಜ್ವರವೂ ಸ್ನಾಯು ಬಿಗಿತವೂ ಸೇರಿದರೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಸೇಂಟ್ ಜಾನ್ಸ್ ವರ್ಟ್‌ಗೆ ಇನ್ನೊಂದು ಕೆಟ್ಟ ಗುಣವಿದೆ. ಲಿವರಿನಲ್ಲಿ ಔಷಧ ಒಡೆಯುವ ಕಿಣ್ವಗಳನ್ನು ಚುರುಕುಗೊಳಿಸಿ ಗರ್ಭನಿರೋಧಕ ಮಾತ್ರೆ, ವಾರ್ಫರಿನ್, ಕಿಡ್ನಿ ಕಸಿಯಾದವರ ಸೈಕ್ಲೋಸ್ಪೋರಿನ್ ಕೆಲಸ ಮಾಡದಂತೆ ಮಾಡುತ್ತದೆ. ಬೈಪೋಲಾರ್ ಇರುವವರಲ್ಲಿ ಉನ್ಮಾದ ಕೆರಳಿಸಬಲ್ಲದು. ಮಾನಸಿಕ ಕಾಯಿಲೆಗೆ ಯಾವುದೇ ಮಾತ್ರೆ ನುಂಗುತ್ತಿರುವವರಿಗೆ ನಮ್ಮ ಶಿಫಾರಸು ಒಂದೇ: ಇವೆರಡನ್ನೂ ಕೊಳ್ಳಬೇಡಿ. ಸಪ್ಲಿಮೆಂಟಿಗಾಗಿ ಇರುವ ಮಾತ್ರೆಯನ್ನು ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು.

ಮೀನೆಣ್ಣೆಗೆ ಖಿನ್ನತೆಯಲ್ಲಿ ಅಲ್ಪಸ್ವಲ್ಪ ಆಧಾರವಿದೆ, ಅದೂ ಅದರ ಇಪಿಎ, ಡಿಎಚ್‌ಎ ಎಂಬ ಎರಡು ಒಮೆಗಾ-3 ಕೊಬ್ಬುಗಳಲ್ಲಿ ಇಪಿಎ ಹೆಚ್ಚಿರುವ ಬಗೆಗೆ, ದಿನಕ್ಕೆ 1 ಗ್ರಾಂ ಸುಮಾರಿಗೆ. ಮುಂಭಾಗದಲ್ಲಿ 1000 ಮಿ.ಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಒಟ್ಟು ಎಣ್ಣೆಯ ತೂಕ. ಹಿಂದೆ ತಿರುಗಿಸಿದರೆ ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120 ಮಿ.ಗ್ರಾಂ. ಆ ಲೆಕ್ಕದಲ್ಲಿ 1 ಗ್ರಾಂ ಇಪಿಎಗೆ ಐದಾರು ಕ್ಯಾಪ್ಸೂಲು ಬೇಕು. ಬೆಲೆ ಹೋಲಿಸುವಾಗ ಡಬ್ಬಿಗೆ ಎಷ್ಟು ಎಂದು ನೋಡದೆ 1 ಗ್ರಾಂ ಇಪಿಎಗೆ ಎಷ್ಟು ಬಿತ್ತು ಎಂದು ನೋಡಿ. ಹೃದಯದ ಬಡಿತ ತಪ್ಪುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚಿನ ಡೋಸಿಗೆ ಹೋಗಬಾರದು. ಮೆಗ್ನೀಸಿಯಂ ಪರವಾಗಿಲ್ಲ, ದಿನಕ್ಕೆ 350 ಮಿ.ಗ್ರಾಂ ದಾಟಬೇಡಿ, ಆಕ್ಸೈಡ್ ರೂಪ ಹೊಟ್ಟೆ ಸಡಿಲ ಮಾಡುತ್ತದೆ, ಕಿಡ್ನಿ ತೊಂದರೆ ಇದ್ದರೆ ಬೇಡ.

ಅರಿಶಿನದ ಕ್ಯಾಪ್ಸೂಲುಗಳ ಬಗ್ಗೆ ಬೆಂಗಳೂರಿನಲ್ಲೇ ನಡೆದ ಒಂದು ಕೆಲಸವನ್ನು ಹೇಳಬೇಕು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಶಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ 2 ಗ್ರಾಂ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ದೇಹಕ್ಕೆ ಸೇರುವ ಕರ್ಕ್ಯುಮಿನ್ ಶೇ 2000ದಷ್ಟು ಹೆಚ್ಚಿತು. ಇಂದಿನ ಅರಿಶಿನದ ಡಬ್ಬಿಗಳಲ್ಲಿ ಪೈಪರಿನ್ ಇರುವುದು ಇದೇ ಕಾರಣಕ್ಕೆ. ಆದರೆ ಪೈಪರಿನ್ ಕರ್ಕ್ಯುಮಿನ್ ಒಂದಕ್ಕೇ ಬಾಗಿಲು ತೆಗೆಯುವುದಿಲ್ಲ. ಮೂರ್ಛೆರೋಗದ ಫಿನೈಟಾಯಿನ್, ಕಾರ್ಬಮಜೆಪಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಮುಂತಾದ ಔಷಧಗಳ ಮಟ್ಟಗಳನ್ನೂ ಏರಿಸುತ್ತದೆ. ಮೂರ್ಛೆರೋಗಕ್ಕೋ ಮನಸ್ಸಿನ ಏರಿಳಿತಕ್ಕೋ ಕಾರ್ಬಮಜೆಪಿನ್ ತಗೊಳ್ಳುವವರು ಈ ಕ್ಯಾಪ್ಸೂಲು ಶುರುಮಾಡಿ ತೂರಾಡುವ ನಡಿಗೆ, ಮಂಪರು, ಎರಡೆರಡಾಗಿ ಕಾಣುವುದು ಅನುಭವಿಸಿದರೆ ಕಾರಣ ಇಲ್ಲಿರಬಹುದು. ಸಾರಿನಲ್ಲಿ ಹಾಕುವ ಮೆಣಸಿಗೆ ಹೆದರಬೇಕಿಲ್ಲ, ಮಾತು ಕ್ಯಾಪ್ಸೂಲಿನದು.

ಕೂದಲಿನ ಕಿಟ್

ಇಲ್ಲಿ ಎರಡು ಅಂಶ ನೋಡಬೇಕು. ಮೊದಲನೆಯದು ಬಯೋಟಿನ್. ದಿನಕ್ಕೆ ಬೇಕಾದ್ದು 30ರಿಂದ 40 ಮೈಕ್ರೋಗ್ರಾಂ, ಗಮ್ಮಿ ಮಾತ್ರೆಗಳಲ್ಲಿ ಇರುವುದು 5 ಅಥವಾ 10 ಮಿ.ಗ್ರಾಂ, ಅಂದರೆ ನೂರಾರು ಪಟ್ಟು. ಅದು ದೇಹಕ್ಕಿಂತ ಹೆಚ್ಚಾಗಿ ಲ್ಯಾಬಿನ ಪರೀಕ್ಷೆಯನ್ನು ಕೆಡಿಸುತ್ತದೆ. ಹಲವು ಥೈರಾಯ್ಡ್ ಪರೀಕ್ಷಾ ಯಂತ್ರಗಳು ಬಯೋಟಿನ್ ಬಳಸಿಯೇ ಕೆಲಸ ಮಾಡುವುದರಿಂದ ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಥೈರಾಯ್ಡ್ ಹಾರ್ಮೋನಾದ ಟಿ4 ಸುಳ್ಳಾಗಿ ಹೆಚ್ಚು ಎಂದು ಬರುತ್ತದೆ. ನಿಜವಾಗಿ ಥೈರಾಯ್ಡ್ ಕಡಿಮೆಯಾಗಿ ಮಂಕಾಗಿರುವವರ ವರದಿ ಸರಿಯಾಗಿದೆ ಎಂದು ಕಾಣಬಹುದು, ಸರಿಯಿದ್ದವರಿಗೆ ಹೆಚ್ಚಿದೆ ಎಂದು ಮದ್ದು ಶುರುವಾಗಬಹುದು. ಹೃದಯಾಘಾತ ಪತ್ತೆಯ ಟ್ರೋಪೊನಿನ್ ಪರೀಕ್ಷೆಯೂ ತಪ್ಪಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ರಕ್ತ ಕೊಡುವ ಮೂರು ದಿನ ಮುಂಚೆ ಬಯೋಟಿನ್ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಎರಡನೆಯದು ಫಿನಾಸ್ಟರೈಡ್. ಇದು ಸಪ್ಲಿಮೆಂಟಲ್ಲ, ಕೂದಲು ಉದುರುವುದಕ್ಕೆ ಕೊಡುವ, ವೈದ್ಯರ ಚೀಟಿ ಬೇಕಾದ ಔಷಧ. ಆದರೆ ವಿಡಿಯೋ ಕರೆಯಲ್ಲಿ ಐದು ನಿಮಿಷ ಮಾತಾಡಿ ಬಯೋಟಿನ್ ಜೊತೆ ಅದೇ ಪೆಟ್ಟಿಗೆಯಲ್ಲಿ ಬರುವುದರಿಂದ ವಿಟಮಿನ್ ಎಂದೇ ನುಂಗುವವರಿದ್ದಾರೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಆತ್ಮಹತ್ಯೆಯ ಆಲೋಚನೆಯನ್ನು ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿತು. ಕಿಟ್ ಬಂದ ದಿನ ಪ್ರತಿ ಪಟ್ಟಿಯ ಹಿಂದಿನ ರಾಸಾಯನಿಕ ಹೆಸರನ್ನು ಓದಿ. ಹಿಂದೆ ಖಿನ್ನತೆ ಬಂದಿದ್ದರೆ ವೈದ್ಯರಿಗೆ ಬಾಯಿ ಬಿಟ್ಟು ಹೇಳಿ. ಮನಸ್ಸು ಕುಸಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಅವರನ್ನು ಕಾಣಿ.

ಜಿಮ್ಮಿನ ಪಕ್ಕದ ಅಂಗಡಿ

ಪ್ರೀ ವರ್ಕೌಟ್ ಪುಡಿಯ ಒಂದು ಸ್ಕೂಪಿನಲ್ಲಿ 200ರಿಂದ 400 ಮಿ.ಗ್ರಾಂ ಕೆಫೀನ್ ಇರುವುದು ಮಾಮೂಲು. ಎಫ್‌ಎಸ್‌ಎಸ್‌ಎಐ ನಿಯಮದಂತೆ ಕೆಫೀನ್ ಪಾನೀಯದಲ್ಲಿ ಲೀಟರಿಗೆ 300 ಮಿ.ಗ್ರಾಂ ಮೀರುವಂತಿಲ್ಲ, ಅಂದರೆ 250 ಮಿ.ಲೀ. ಕ್ಯಾನಿನಲ್ಲಿ ಹೆಚ್ಚೆಂದರೆ 75. ಹಾಗಾಗಿ 300 ಮಿ.ಗ್ರಾಂ ಸ್ಕೂಪು ಒಂದೇ ಗುಟುಕಿಗೆ ನಾಲ್ಕು ಕ್ಯಾನಿನಷ್ಟು. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ 400 ಮಿ.ಗ್ರಾಂ ಮಿತಿ, ಅದರಲ್ಲಿ ಬೆಳಗಿನ ಎರಡು ಕಾಫಿಯೂ ಸೇರಿದೆ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಆಫೀಸು ಮುಗಿಸಿ ಸಿಲ್ಕ್ ಬೋರ್ಡ್ ದಾಟಿ ಸಂಜೆ ಏಳಕ್ಕೆ ಸ್ಕೂಪು ಕುಡಿದರೆ ಮಧ್ಯರಾತ್ರಿಗೆ 150 ಮಿ.ಗ್ರಾಂ ಇನ್ನೂ ರಕ್ತದಲ್ಲಿರುತ್ತದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಅದು ಇನ್ನೂ ನಿಧಾನ. ನಾಲ್ಕೈದು ರಾತ್ರಿ ನಿದ್ದೆಗೆಟ್ಟ ಮೇಲೆ ಬರುವ ಸಿಟ್ಟು, ಗಾಬರಿ, ಎದೆಬಡಿತವನ್ನು ಪ್ಯಾನಿಕ್ ಕಾಯಿಲೆ ಎಂದುಕೊಳ್ಳುವ ಮುನ್ನ ಈ ಪುಡಿಯನ್ನು ಬಿಡಬೇಕು. ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನ ತಲೆನೋವು, ಜಡತೆ. ವಾರಕ್ಕೆ ಕಾಲು ಸ್ಕೂಪಿನಂತೆ ಇಳಿಸುವುದು ಹಿತ. ಯೋಹಿಂಬಿನ್ ಎಂಬ ಉತ್ತೇಜಕ ಇರುವ ಡಬ್ಬಿ ಮುಟ್ಟಬೇಡಿ, ಆತಂಕ ಹುಟ್ಟಿಸುವ ಪ್ರಯೋಗಗಳಲ್ಲೇ ಅದನ್ನು ಬಳಸಿದ್ದಾರೆ. ಪ್ರೊಪ್ರೈಟರಿ ಬ್ಲೆಂಡ್ ಎಂದು ಬರೆದು ಒಂದೊಂದರ ಪ್ರಮಾಣ ಮುಚ್ಚಿಟ್ಟಿದ್ದರೂ ಅಷ್ಟೇ.

ವೇ ಪ್ರೋಟೀನ್ ತಾನಾಗಿ ಮನಸ್ಸು ಕೆಡಿಸುವುದಿಲ್ಲ. ಕೆಡಿಸುವುದು ಅದರ ಹೆಸರಿನಲ್ಲಿ ಬರುವ ಬೇರೆ ಸರಕು. ಭಾರತದ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 70ರ ಪ್ರೋಟೀನ್ ಮಾಹಿತಿ ತಪ್ಪಾಗಿತ್ತು, ಶೇ 14ರಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಸಿಕ್ಕಿತು. ಅದಕ್ಕಿಂತ ಅಪಾಯ ಲೇಬಲ್ಲೇ ಇಲ್ಲದೆ ಕೈಯಿಂದ ಕೈಗೆ ದಾಟುವ ತೂಕ ಹೆಚ್ಚಿಸುವ ಪುಡಿ. ಇಂಥವುಗಳಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್, ಹಸಿವು ಹೆಚ್ಚಿಸುವ ಸೈಪ್ರೊಹೆಪ್ಟಡಿನ್ ಬೆರೆಸಿದ್ದು ಪತ್ತೆಯಾದ ವರದಿಗಳಿವೆ. ಡೆಕ್ಸಾಮೆಥಸೋನ್ ಮೊದಲ ವಾರಗಳಲ್ಲಿ ಹಸಿವು, ಹುರುಪು, ಕಡಿಮೆ ನಿದ್ದೆ ಕೊಡುತ್ತದೆ, ಕೆಲವರಲ್ಲಿ ಉನ್ಮಾದವನ್ನೇ ತರುತ್ತದೆ. ಮುಖ ದುಂಡಗಾಗುವುದು, ಹೊಟ್ಟೆಯ ಮೇಲೆ ನೇರಳೆ ಗೆರೆ ಅದರ ಗುರುತು. ತಿಂಗಳುಗಟ್ಟಲೆ ತಿಂದವರು ಇದನ್ನು ದಿಢೀರನೆ ಬಿಡಬಾರದು. ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿಬಿಟ್ಟಿರುತ್ತದೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಪುಡಿಯ ಸಮೇತ ವೈದ್ಯರ ಬಳಿ ಹೋಗಬೇಕು. ಅನಬಾಲಿಕ್ ಸ್ಟಿರಾಯ್ಡ್ ಬೆರೆತಿದ್ದರೆ ತಗೊಳ್ಳುವಾಗ ರೋಷ, ಬಿಟ್ಟ ಮೇಲೆ ವಾರಗಟ್ಟಲೆ ಖಿನ್ನತೆ. ತೂಕ ಇಳಿಸುವ ಕ್ಯಾಪ್ಸೂಲುಗಳಲ್ಲಿ ಹಸಿವು ಅಡಗಿಸುವ ಸಿಬುಟ್ರಮಿನ್ ಎಂಬ ಔಷಧದ ಕಲಬೆರಕೆ ಜಗತ್ತಿನಾದ್ಯಂತ ಮತ್ತೆ ಮತ್ತೆ ಸಿಕ್ಕಿದೆ. ಭಾರತದಲ್ಲಿ 2011ರಲ್ಲೇ ಅದಕ್ಕೆ ನಿಷೇಧ ಬಿದ್ದಿದೆ. ಮೂರೇ ದಿನದಲ್ಲಿ ಹಸಿವು ಸತ್ತು, ಬಾಯಿ ಒಣಗಿ, ನಿದ್ದೆ ಹಾರಿದರೆ ಗಿಡಮೂಲಿಕೆ ಎಂಬ ಮಾತನ್ನು ನಂಬಬೇಡಿ.

ಗ್ರಂಧಿಗೆ ಅಂಗಡಿ

ಬಳೇಪೇಟೆ, ಅವೆನ್ಯೂ ರಸ್ತೆ ಸುತ್ತಿನ ಹಳೇ ಗ್ರಂಧಿಗೆ ಅಂಗಡಿಗಳನ್ನು ನಾವು ಗೌರವದಿಂದಲೇ ನೋಡುತ್ತೇವೆ. ಬೇರನ್ನು ಬೇರಾಗಿ, ಬೀಜವನ್ನು ಬೀಜವಾಗಿ ತೋರಿಸಿ ಕೊಡುವ, ಯಾರಿಗೆ ಎಂದು ವಿಚಾರಿಸುವ ಅಂಗಡಿಯವರು ಅಲ್ಲಿ ಇದ್ದಾರೆ. ಇಡಿಯಾಗಿ ಕೊಂಡು ಮನೆಯಲ್ಲಿ ಪುಡಿ ಮಾಡಿಸಿ. ಕಟ್ಟಿಟ್ಟ ಪುಡಿಯಲ್ಲಿ ಏನಿದೆ, ಯಾವಾಗಿನದು ಎಂದು ತಿಳಿಯಲು ದಾರಿಯಿಲ್ಲ. ಆದರೆ ಇಲ್ಲಿ ಸಿಗುವ ಎರಡು ಸರಕು ನೇರವಾಗಿ ಮಿದುಳಿನ ರಸಾಯನಕ್ಕೇ ಕೈ ಹಾಕುತ್ತವೆ.

ಒಂದು ಸರ್ಪಗಂಧ. ರಕ್ತದೊತ್ತಡಕ್ಕೆ ಇದರ ಬಳಕೆಯನ್ನು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ರೆಸರ್ಪಿನ್ ನರಕೋಶಗಳಲ್ಲಿ ಸೆರೊಟೋನಿನ್, ಡೋಪಮೈನ್, ನಾರ್‌ಅಡ್ರಿನಲಿನ್ ಕೂಡಿಡುವ ಚೀಲಗಳನ್ನು ಬರಿದು ಮಾಡುತ್ತದೆ. ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಬರುತ್ತದೆ, ಕೆಲವರಲ್ಲಿ ವಾರಗಳು ಕಳೆದಂತೆ ಮನಸ್ಸೂ ಬರಿದಾಗುತ್ತದೆ. ಖಿನ್ನತೆ ಇದ್ದವರಿಗೆ, ಹಿಂದೆ ಬಂದಿದ್ದವರಿಗೆ ಕೊಡಬಾರದು ಎಂಬುದು ರೆಸರ್ಪಿನ್‌ನ ಹಳೇ ಎಚ್ಚರಿಕೆ. ಬಿಟ್ಟ ಮೇಲೂ ಪರಿಣಾಮ ಕೆಲ ವಾರ ಉಳಿಯಬಹುದು. ನಿದ್ದೆಗೆಂದು ಸರ್ಪಗಂಧದ ಗುಳಿಗೆ ಸ್ವಂತ ತೀರ್ಮಾನದಲ್ಲಿ ಕೊಳ್ಳುವುದನ್ನು ನಾವು ಬಲವಾಗಿ ವಿರೋಧಿಸುತ್ತೇವೆ.

ಇನ್ನೊಂದು ನಸುಗುನ್ನಿ ಬೀಜ, ಪುರುಷರ ಶಕ್ತಿಯ ಪುಡಿಗಳಲ್ಲಿ ಕಪಿಕಚ್ಚು ಎಂಬ ಹೆಸರಿನಲ್ಲಿ ಇರುವುದು. ಇದರಲ್ಲಿರುವುದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಎಂಬ ಔಷಧವೇ. ಬೀಜದ ಪುಡಿಯಲ್ಲಿ ಸುಮಾರು ಶೇ 3ರಿಂದ 6, ಅಂದರೆ 5 ಗ್ರಾಂ ಚಮಚದಲ್ಲಿ 150ರಿಂದ 300 ಮಿ.ಗ್ರಾಂ, ಶೇ 15ರ ಸಾರದ 500 ಮಿ.ಗ್ರಾಂ ಕ್ಯಾಪ್ಸೂಲಿನಲ್ಲಿ 75. ವಾಕರಿಕೆ, ಚಡಪಡಿಕೆ, ವಿಚಿತ್ರ ಕನಸುಗಳು, ಹೆಚ್ಚಾದರೆ ಇಲ್ಲದ್ದು ಕಾಣುವುದು ಕೇಳುವುದು. ಮನೋವಿಕಾರಕ್ಕೆ ರಿಸ್ಪೆರಿಡೋನ್, ಓಲಾಂಜಪಿನ್ ತಗೊಳ್ಳುವವರಿಗೆ ಇದು ಮದ್ದಿನ ಎದುರಿಗೇ ನಿಂತು ಕೆಲಸ ಮಾಡುತ್ತದೆ, ಅಡಗಿದ್ದ ಕಾಯಿಲೆ ಮರಳಬಹುದು.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ನೆನಪಿನ ಶಕ್ತಿಗೆ ಶಂಖಪುಷ್ಪಿ ಸಿರಪ್ ಎಲ್ಲೆಡೆ ಕಾಣುತ್ತದೆ. ಮೂರ್ಛೆರೋಗಕ್ಕೆ ಫಿನೈಟಾಯಿನ್ ತಗೊಳ್ಳುವ ಮಕ್ಕಳಿಗೆ ಇದನ್ನು ಕೊಡಲೇಬಾರದು. ಶಂಖಪುಷ್ಪಿ ಔಷಧದ ಮಟ್ಟ ಇಳಿಸಿ ಫಿಟ್ಸ್ ಮರಳಿಸಿದ್ದು 1992ರಲ್ಲೇ ಭಾರತದಲ್ಲಿ ದಾಖಲಾಗಿದೆ. ಬ್ರಾಹ್ಮಿಗೆ ಹೊಟ್ಟೆನೋವು, ವಾಕರಿಕೆ ಸಾಮಾನ್ಯ, ಊಟದ ಜೊತೆ ಕೊಟ್ಟರೆ ಕಡಿಮೆ; ಡಬ್ಬಿಯ ಮೇಲೆ ಬಕೋಪಾ ಮೊನ್ನಿಯೆರಿ ಎಂದಿದೆಯೇ, ನಮ್ಮ ತಂಬುಳಿಯ ಒಂದೆಲಗವಾದ ಸೆಂಟೆಲ್ಲಾ ಏಷ್ಯಾಟಿಕಾ ಎಂದಿದೆಯೇ ನೋಡಿಕೊಳ್ಳಿ, ಇವು ಎರಡು ಬೇರೆ ಗಿಡ.

ಡಬ್ಬಿಯೇ ಕಾರಣವೇ ಎಂದು ಪತ್ತೆ ಮಾಡುವ ಬಗೆ

ಶುರು ಮಾಡುವ ಮುಂಚೆ ಒಂದು ವಾರ ಪ್ರತಿ ರಾತ್ರಿ ಒಂದು ಸಾಲು ಬರೆಯಿರಿ: ಎಷ್ಟು ಗಂಟೆ ನಿದ್ದೆ, ಕಿರಿಕಿರಿ ಹತ್ತಕ್ಕೆ ಎಷ್ಟು, ಮಂಕು ಹತ್ತಕ್ಕೆ ಎಷ್ಟು, ಎದೆ ಡವಡವ ಉಂಟೇ ಇಲ್ಲವೇ. ಆಮೇಲೆ ಒಂದೇ ಒಂದು ಸಪ್ಲಿಮೆಂಟ್ ಶುರು ಮಾಡಿ, ಎರಡರಿಂದ ನಾಲ್ಕು ವಾರ ಅದೇ ಸಾಲು ಮುಂದುವರಿಸಿ. ಒಟ್ಟಿಗೆ ಮೂರು ಶುರು ಮಾಡಿದರೆ ಯಾವುದು ಕೆಡಿಸಿತು ಎಂದು ದೇವರೂ ಹೇಳಲಾರ. ಅಂಕ ಕೆಟ್ಟರೆ ನಿಲ್ಲಿಸಿ ಎರಡು ವಾರ ನೋಡಿ. ಸರಿಹೋದರೆ ಉತ್ತರ ಸಿಕ್ಕಿತು. ಮತ್ತೆ ತಗೊಂಡು ಖಾತ್ರಿ ಮಾಡಿಕೊಳ್ಳಲು ಹೋಗಬೇಡಿ, ಅದರಲ್ಲೂ ಮನಸ್ಸು ಆಳವಾಗಿ ಕುಸಿದಿದ್ದರೆ. ಈ ಪರೀಕ್ಷೆ ಸಪ್ಲಿಮೆಂಟಿಗೆ ಮಾತ್ರ, ವೈದ್ಯರು ಕೊಟ್ಟ ಮಾತ್ರೆಗಲ್ಲ. ವೈದ್ಯರ ಬಳಿ ಹೋಗುವಾಗ ಹೆಸರು ಹೇಳುವ ಬದಲು ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಒಯ್ಯಿರಿ, ಕಷಾಯದ ಪುಡಿಯ ಪೊಟ್ಟಣವನ್ನೂ.

ಬದುಕು ಬೇಡ ಎನ್ನಿಸಿದರೆ, ಮೂರು ನಾಲ್ಕು ರಾತ್ರಿ ನಿದ್ದೆಯಿಲ್ಲದೆಯೂ ಸುಸ್ತೇ ಆಗದಿದ್ದರೆ, ಇಲ್ಲದ ದನಿ ಕೇಳಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ, ಖರ್ಚಿಲ್ಲದೆ, ಯಾವ ಹೊತ್ತಿಗೂ ಮಾತಾಡಬಹುದು.

ಅಡ್ಡಪರಿಣಾಮವನ್ನು ದೇಶದ ಔಷಧ ನಿಗಾ ಕಾರ್ಯಕ್ರಮದ 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು, ವೈದ್ಯರೇ ಆಗಬೇಕಿಲ್ಲ. ಆಹಾರದ ಪರವಾನಗಿಯ ಡಬ್ಬಿಯಾದರೆ ಎಫ್‌ಎಸ್‌ಎಸ್‌ಎಐಗೂ ದೂರು ಕೊಡಿ. ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಬಿಲ್ಲು, ಶುರುಮಾಡಿದ ಮತ್ತು ನಿಲ್ಲಿಸಿದ ದಿನ, ಜೊತೆಗೆ ತಗೊಳ್ಳುತ್ತಿದ್ದ ಮಾತ್ರೆಗಳ ಪಟ್ಟಿ ಬೇಕಾಗುತ್ತದೆ. ಉಳಿದ ಪುಡಿಯನ್ನು ಸಿಟ್ಟಿನಲ್ಲಿ ಸಿಂಕಿಗೆ ಸುರಿಯಬೇಡಿ, ಮೂಲ ಡಬ್ಬಿಯಲ್ಲೇ ಮುಚ್ಚಿಡಿ; ಪರೀಕ್ಷೆಗೆ ಕಳಿಸಬೇಕಾದಾಗ ಬೇಕಾಗುವುದು ಅದೇ.